ತೌಡಿಗೆ ಮಾರಿದವಳ ವೀಸಾ

ಕೊಲ್ಲಿ ದೇಶದ ಆಸ್ಪತ್ರೆಯವರಿಗೆ ನಾನು ಹುಟ್ಟಿದ್ದೇನೆ ಅನ್ನುವುದಕ್ಕೆ ಪುರಾವೆ ಬೇಕಿತ್ತು. ಅವರ ಎದುರಿಗೇ ಕೂತಿದ್ದೆ, ಕೇಳಿದ್ದಕ್ಕೆಲ್ಲ ಜವಾಬು ಕೊಟ್ಟಿದ್ದೆ, ಅವರು ತರಿಸಿಕೊಟ್ಟ ಕಾಫಿ ಕುಡಿದಿದ್ದೆ. ಅದು ಸಾಲದು ಅಂದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕಡೂರಿನಲ್ಲಿ ನರ್ಸ್ ಆಗಿದ್ದೆ. ವಯಸ್ಸು ಇಪ್ಪತ್ತಾರು ದಾಟಿತ್ತು. ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಹೆಣ್ಣು ನೋಡಲು ಬಂದವರು ಕೇಳಿದಷ್ಟೇ ಪ್ರಶ್ನೆಗಳನ್ನು ನಾನೂ ತಿರುಗಿ ಕೇಳುತ್ತಿದ್ದೆ, ಅವರು ಉಪ್ಪಿಟ್ಟು ತಿಂದು ಎದ್ದು ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಒಂದು ಲಾಡ್ಜಿನ ಮೇಲಂತಸ್ತಿನಲ್ಲಿ ಸಂದರ್ಶನ ಇದೆ, ಹೊರದೇಶಕ್ಕೆ ನರ್ಸುಗಳು ಬೇಕಂತೆ ಅಂತ ಜೊತೆಯವಳೊಬ್ಬಳು ಹೇಳಿದಳು. ಹೋಗಿ ನೋಡಿದರೆ ಏನು ಗಂಟು ಹೋಗುತ್ತೆ ಅಂತ ಹೋದೆ.

ಅಲ್ಲಿ ಒಂದು ಫೋಟೋ ಆಲ್ಬಮ್ ಇಟ್ಟಿದ್ದರು. ಅದರಲ್ಲಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಮಗು, ಕಣ್ಣು ಮುಚ್ಚಿಕೊಂಡು ಮಲಗಿತ್ತು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಅದರೊಳಗಿಟ್ಟು ಬೆಚ್ಚಗೆ ಕಾಯುತ್ತಾರಂತೆ, ಮುಕ್ಕಾಲು ಪಾಲು ಬದುಕುತ್ತವಂತೆ. ನನ್ನ ಅಮ್ಮನಿಗೆ ನನಗಿಂತ ಮುಂಚೆ ನಾಲ್ಕು ಮಕ್ಕಳಾಗಿದ್ದವು. ಒಂದೂ ತಿಂಗಳು ತುಂಬುವತನಕ ಬದುಕಲಿಲ್ಲ. ಆ ಪೆಟ್ಟಿಗೆ ನೋಡಿದ ಮೇಲೆ ನನಗೆ ಬೇರೇನೂ ತಲೆಗೆ ಹತ್ತಲಿಲ್ಲ. ನಾನು ಬಂಗಾರದ ಬಳೆಗೆ ಆಸೆಪಟ್ಟು ಹೋದೆ ಅಂತ ಊರಿನವರು ಇವತ್ತಿಗೂ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಅವರ ಬಾಯಿಗೆ ಬೀಗ ಹಾಕುವ ಕೆಲಸ ನನ್ನದಲ್ಲ.

ಆರಿಸಿದ್ದೇವೆ ಅಂತ ಹೇಳಿ ಕೈಗೆ ಒಂದು ಪಟ್ಟಿ ಕೊಟ್ಟರು. ವೀಸಾ ಬೇಕಾದರೆ ಇಷ್ಟು ಕಾಗದ ಬೇಕು. ಪಾಸ್‌ಪೋರ್ಟು. ನರ್ಸಿಂಗ್ ಡಿಪ್ಲೊಮಾ, ಕೌನ್ಸಿಲ್ಲಿನ ನೋಂದಣಿ. ಎರಡು ವರ್ಷ ಕೆಲಸ ಮಾಡಿದ್ದಕ್ಕೆ ಪತ್ರ, ಬಿಟ್ಟು ಹೋದರೆ ನಮ್ಮ ಅಭ್ಯಂತರ ಇಲ್ಲ ಅನ್ನುವ ಇನ್ನೊಂದು ಪತ್ರ. ನಡತೆ ಚೆನ್ನಾಗಿದೆ ಅಂತ ಪೊಲೀಸರಿಂದ. ಎದೆಯ ಎಕ್ಸ್-ರೇ, ರಕ್ತ, ಇನ್ನು ಹೇಳಬಾರದ್ದು. ಜನನ ಪತ್ರ. ಕಟ್ಟಕಡೆಗೆ, ಅವಿವಾಹಿತೆಯಾದರೆ ತಂದೆಯ ಒಪ್ಪಿಗೆ ಪತ್ರ, ತಂದೆ ಇಲ್ಲದಿದ್ದರೆ ತಾಯಿಯದು, ಅದೂ ನೋಟರಿ ವಕೀಲರ ಮುಂದೆ. ತಾಯಿಯ ಹೆಸರು ಜನನ ಪತ್ರದಲ್ಲಿ ಇದ್ದ ಹಾಗೇ ಇರಬೇಕು ಅಂತ ಅದರ ಕೆಳಗೆ ಗೆರೆ ಬೇರೆ ಎಳೆದಿದ್ದರು. ಎಲ್ಲವೂ ಯುಗಾದಿಯೊಳಗೆ ಬೊಂಬಾಯಿಯ ಏಜೆಂಟರ ಕೈ ಸೇರಬೇಕು. ಸೇರದಿದ್ದರೆ ಪಟ್ಟಿಯಲ್ಲಿ ನನ್ನ ಹಿಂದಿರುವವಳಿಗೆ ಆ ಕೆಲಸ.

ನಾನು ಪಟ್ಟಿ ಹಿಡಿದು ಒಂದೊಂದಾಗಿ ಹೊಡೆದುಹಾಕುತ್ತಾ ಬಂದೆ. ನಡತೆ ವಿಚಾರಿಸಲು ನಮ್ಮೂರಿಗೆ ಸೈಕಲ್ಲಿನಲ್ಲಿ ಒಬ್ಬ ಪೊಲೀಸಪ್ಪ ಬಂದಿದ್ದ. ನಮ್ಮೂರು ಅಂದರೆ ಅಜ್ಜಂಪುರದಿಂದ ಎರಡು ಮೈಲಿ, ಐವತ್ತು ಮನೆ, ಕೇಳಿದರೆ ಯಾರ ನಡತೆ ಬೇಕಾದರೂ ಹೇಳುತ್ತಾರೆ. ಹುಡುಗಿ ಹೇಗೆ ಅಂತ ಕೇಳಿದ್ದಕ್ಕೆ ಎದುರುಮನೆಯಾತ, ಒಳ್ಳೇಳೇ, ಆದ್ರೆ ಎದುರು ಮಾತಾಡ್ತಾಳೆ ಅಂದನಂತೆ. ಪೊಲೀಸಪ್ಪ ಮೊದಲರ್ಧ ಮಾತ್ರ ಬರೆದುಕೊಂಡು ಹೋದ. ಎಕ್ಸ್-ರೇಯಲ್ಲಿ ಎದೆ ಸ್ವಚ್ಛ ಇತ್ತು. ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು, ಅದಕ್ಕೂ ಕಾಗದ ಸಿಕ್ಕಿತು. ಉಳಿದದ್ದು ಜನನ ಪತ್ರ ಒಂದು. ನಾನು ಹುಟ್ಟಿದ ಕಾಲದಲ್ಲಿ ಊರ ಪಟೇಲರು ಹುಟ್ಟು ಸಾವು ಬರೆದುಕೊಂಡು ತಾಲ್ಲೂಕಿಗೆ ಕಳಿಸುತ್ತಿದ್ದರು. ನಮ್ಮ ತಾಲ್ಲೂಕು ಆಗ ತರೀಕೆರೆ. ಅಲ್ಲಿಗೆ ಅರ್ಜಿ ಹಾಕಿದೆ, ಹದಿನೈದು ದಿನ ಬಿಟ್ಟು ಬರಲು ಹೇಳಿದರು, ಹೋದೆ, ಕೊಟ್ಟರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅದನ್ನು ಬಿಡಿಸಿ ಓದಿದೆ. ಮಗು ಹೆಣ್ಣು. ಸರಿ. ತಂದೆಯ ಹೆಸರು ನನ್ನ ಅಪ್ಪನದೇ. ಸರಿ. ತಾಯಿಯ ಹೆಸರು ನಮ್ಮೂರ ಸೂಲಗಿತ್ತಿಯದು.

ನಾನು ಕಾಗದವನ್ನು ಮಡಿಸಿ ಇನ್ನೊಂದು ಸಲ ಬಿಡಿಸಿದೆ. ಬಸ್ಸು ಬಂತು, ಹೋಯ್ತು. ನನಗೆ ಆಶ್ಚರ್ಯವೇನೂ ಆಗಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇವರು ಇಲ್ಲಿಯವರೆಗೂ ಹೋಗಿದ್ದಾರಲ್ಲಾ ಅಂತ ಮೈಯೆಲ್ಲ ಉರಿಯಿತು.

ಆದದ್ದು ಇಷ್ಟು. ನಾಲ್ಕು ಮಕ್ಕಳು ಹೋದ ಮೇಲೆ ಐದನೆಯದಾಗಿ ನಾನು ಹುಟ್ಟಿದೆ. ನಮ್ಮ ಕಡೆ ಹಾಗೆ ಮಕ್ಕಳು ನಿಲ್ಲದ ಮನೆಯಲ್ಲಿ ಕೂಸು ಹುಟ್ಟಿದರೆ ಅದನ್ನು ಮಾರಿಬಿಡುತ್ತಾರೆ. ಮೊದಲು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಾರೆ. ಆಮೇಲೆ ಬೇರೆ ಜಾತಿಯ ಹೆಂಗಸೊಬ್ಬಳು ಆ ದಾರಿಯಲ್ಲಿ ಸುಮ್ಮನೆ ಬರುವವಳ ಹಾಗೆ ಬಂದು, ಅಯ್ಯೋ ಯಾರೋ ಕೂಸು ಬಿಸಾಕವ್ರೆ ಅಂತ ಎತ್ತಿಕೊಂಡು, ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ಅಲ್ಲಿಗೆ ಮಗು ಅವಳದು. ಹೆತ್ತವಳು ಸುಮ್ಮನೆ ಹಾಲು ಕೊಟ್ಟು ಸಾಕುವವಳು. ಸಾವು ಮನೆ ಹುಡುಕಿಕೊಂಡು ಬಂದರೆ, ಈ ಮನೇಲಿ ಮಕ್ಕಳೇ ಇಲ್ಲ ಅಂತ ವಾಪಸ್ಸು ಹೋಗಬೇಕು, ಅದು ಲೆಕ್ಕಾಚಾರ. ಮಗು ದೊಡ್ಡದಾಗಿ ಮದುವೆಯ ದಿನ ಹೆತ್ತವಳು ಒಂದು ಮೊರ ತೌಡು ತಿರುಗಿ ಕೊಟ್ಟು, ಇದು ನನ್ನ ಮಗು ಅಂತ ಬಾಯಿಬಿಟ್ಟು ಹೇಳಿ ಬಿಡಿಸಿಕೊಳ್ಳುತ್ತಾಳೆ. ನನ್ನನ್ನು ಕೊಂಡವಳು ಸೂಲಗಿತ್ತಿ. ನನಗೆ ಮದುವೆ ಆಗಲಿಲ್ಲವಾದ್ದರಿಂದ ಬಿಡಿಸಿಕೊಳ್ಳುವ ಪ್ರಸಂಗ ಬರಲಿಲ್ಲ.

ಬೇರೆ ಮನೆಗಳಲ್ಲಿ ಇದನ್ನು ಒಂದು ದಿನದ ಶಾಸ್ತ್ರಕ್ಕೆ ಮಾಡಿ ಮರೆಯುತ್ತಿದ್ದರು. ನಮ್ಮನೇಲಿ ಮರೆಯಲಿಲ್ಲ. ನಾನು ಸೂಲಗಿತ್ತಿಯನ್ನು ಅವ್ವ ಅಂತಲೂ, ಹೆತ್ತ ಅಮ್ಮನನ್ನು ಅಕ್ಕ ಅಂತಲೂ ಕರೆಯಬೇಕಿತ್ತು. ಈಗ ಬರೆಯುವಾಗ ಅಮ್ಮ ಅಂತ ಬರೆಯುತ್ತಿದ್ದೇನೆ, ಕಾಗದದ ಮೇಲೆ ಬರೆದದ್ದು ಕೇಳಿಸುವುದಿಲ್ಲ ನೋಡಿ. ಅಮ್ಮ ಯಾವತ್ತೂ ನನ್ನನ್ನು ಮಗಳೇ ಅನ್ನಲಿಲ್ಲ. ನೆಂಟರು ಬಂದು ಇವಳು ನಿನ್ನ ಮಗಳೇನೇ ಅಂದರೆ, ಇಲ್ಲವ್ವ, ಸೂಲಗಿತ್ತಿ ಮನೇದು, ಇಲ್ಲಿ ಉಣ್ತಾಳೆ ಅನ್ನುತ್ತಿದ್ದಳು. ಎಣ್ಣೆ ಹಚ್ಚುತ್ತಿದ್ದವಳು ಅವಳೇ, ಜ್ವರ ಬಂದರೆ ತೊಡೆ ಮೇಲೆ ಹಾಕಿಕೊಂಡು ಕೂರುತ್ತಿದ್ದವಳೂ ಅವಳೇ. ಮಾತು ಮಾತ್ರ ಇಲ್ಲ. ನಾನು ಓದು ಮುಗಿಸಿ ಬಿಳಿ ಸೀರೆ ಉಟ್ಟು ಮನೆಗೆ ಬಂದ ದಿನ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. ಈಗಲಾದರೂ ಅನ್ನುತ್ತಾಳೆ ಅಂತ ಕಾದೆ. ಸೀರೆ ಬೇಗ ಕೊಳೆ ಆಗುತ್ತಲ್ಲಾ ಅಂದಳು. ನನಗೆ ಆ ಮಾತು ಕೇಳುವ ಆಸೆ ಎಷ್ಟಿತ್ತು ಅಂದರೆ, ಅದು ಹೇಳಿಕೊಳ್ಳಲು ನಾಚಿಕೆ ಆಗುವಷ್ಟಿತ್ತು.

ಸರ್ಕಾರದ ಪುಸ್ತಕದೊಳಗೆ ಇದು ಹೇಗೆ ಹೋಯಿತು ಅಂತ ಸೂಲಗಿತ್ತಿ ಅವ್ವನೇ ಹೇಳಿದಳು. ಅಪ್ಪ ಪಟೇಲರ ಮನೆಗೆ ಹುಟ್ಟು ಬರೆಸಲು ಹೋದಾಗ ನಮ್ಮ ಅಜ್ಜಿಯೂ ಬೆನ್ನಿಗೆ ಬಿದ್ದು ಹೋದಳಂತೆ. ತಾಯಿಯ ಹೆಸರು ಕೇಳಿದಾಗ ಅಪ್ಪ ಬಾಯಿ ತೆರೆಯುವ ಮುಂಚೆ ಅಜ್ಜಿ ಸೂಲಗಿತ್ತಿಯ ಹೆಸರು ಹೇಳಿದಳಂತೆ. ಸಾವಿಗೂ ಇಂಥದೇ ಒಂದು ಪುಸ್ತಕ ಇರುತ್ತದೆ, ಎರಡನ್ನೂ ತಾಳೆ ನೋಡಿ ಮನೆಗೆ ಬರುತ್ತದೆ ಅಂತ ಅವಳ ನಂಬಿಕೆ. ಪಟೇಲರಿಗೂ ಮಕ್ಕಳನ್ನು ಕಳಕೊಂಡ ಸಂಕಟ ಗೊತ್ತಿತ್ತೋ, ಅಜ್ಜಿಯ ಬಾಯಿಗೆ ಹೆದರಿದರೋ, ಬರೆದುಕೊಂಡರು. ಆದರೆ ತಂದೆಯ ಹೆಸರಿನ ಕಡೆ ಯಾರಿಗೂ ಗಮನ ಹೋಗಲಿಲ್ಲ. ಬರೆಸಲು ಬಂದ ಗಂಡಸು ಎದುರಿಗೇ ನಿಂತಿದ್ದ, ಅವನ ಹೆಸರು ಬರೆದರು. ಹಾಗಾಗಿ ಸರ್ಕಾರದ ಪ್ರಕಾರ, ಮಠಕ್ಕೆ ನಡೆದುಕೊಳ್ಳುವ ನಮ್ಮಪ್ಪ, ವಿಧವೆಯಾಗಿದ್ದ ಸೂಲಗಿತ್ತಿಯಲ್ಲಿ ಒಂದು ಹೆಣ್ಣುಮಗು ಪಡೆದಿದ್ದ. ಇಡೀ ಮನೆಯಲ್ಲಿ ಯಾರೊಬ್ಬರೂ ಅದನ್ನು ಯೋಚಿಸಿರಲಿಲ್ಲ. ಅಜ್ಜಿ ಇದ್ದಿದ್ದರೆ ಅವತ್ತು ಒಂದು ಮಾತು ಆಡಿಬಿಡುತ್ತಿದ್ದೆ, ಅವಳು ಮೊದಲೇ ಹೋಗಿದ್ದಳು.

ದಾರಿ ಒಂದೇ ಇತ್ತು. ಈ ಹುಡುಗಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಪದ್ಧತಿಯ ಕಾರಣಕ್ಕೆ ಬೇರೆ ಹೆಸರು ಬರೆಸಿದ್ದು ಅಂತ ಅಮ್ಮ ನೋಟರಿ ಮುಂದೆ ಪ್ರಮಾಣ ಮಾಡಿ ಹೇಳಬೇಕು. ಹೆರಿಗೆ ಮಾಡಿಸಿದವಳು ಹೌದು ಅನ್ನಬೇಕು. ಅದನ್ನು ಜನನ ಪತ್ರದ ಜೊತೆ ಲಗತ್ತಿಸಿದರೆ ಏಜೆಂಟರು ಒಪ್ಪುತ್ತಾರೆ. ಬರೆದು ಕೇಳಿದ್ದೆ, ಅಡ್ಡಿಯಿಲ್ಲ ಅಂತ ಉತ್ತರ ಬಂದಿತ್ತು. ಯುಗಾದಿಗೆ ಇನ್ನು ನಾಲ್ಕು ವಾರ.

ಶನಿವಾರ ಡ್ಯೂಟಿ ಮುಗಿಸಿ ಊರಿಗೆ ಹೋಗಿ ಅಮ್ಮನಿಗೆ ವಿಷಯ ಹೇಳಿದೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು. ಕೊನೆತನಕ ಕೇಳಿ, ಆಗಾಕಿಲ್ಲ ಅಂದಳು. ನಾನು ಗಾಜಿನ ಪೆಟ್ಟಿಗೆಯ ವಿಷಯ ಹೇಳಿದೆ. ಚೆನ್ನಾಗೈತೆ ಅಂದಳು, ಆದರೆ ಆಗಾಕಿಲ್ಲ. ಅಪ್ಪನ ಹೆಸರಿಗೆ ಮಸಿ ಬಳಿದಂತಾಗಿದೆ, ಸೂಲಗಿತ್ತಿಯ ಜೊತೆ ಸಂಸಾರ ಮಾಡಿದ ಅಂತ ಆಗಿದೆ, ಅದಾದರೂ ತಿದ್ದಬೇಡವೇನೇ ಅಂದೆ. ಸತ್ತೋರಿಗೆ ಇನ್ನೇನಾಗುತ್ತೆ ಅಂದಳು. ನಾಳೆ ಪಟ್ಟಿಯಲ್ಲಿ ಹಿಂದಿರುವವಳು ಹೋಗುತ್ತಾಳೆ, ನಾನು ಇಲ್ಲೇ ಕೊಳೆಯಬೇಕು ಅಂದೆ. ಕಡೂರು ಕೊಳೆಯೋ ಊರೇನಲ್ಲ ಅಂತ ಕಾಳು ಮುಂದಕ್ಕೆ ಎಳೆದುಕೊಂಡಳು.

ಮಠದ ಅಯ್ಯನವರ ಕೈಲಿ ಹೇಳಿಸಿದೆ. ಅವರು ಬಂದು ಜಗಲಿಯ ಮೇಲೆ ಕೂತು, ಹುಟ್ಟು ಸಾವು ಶಿವನ ಕೈಲಿದೆ ತಾಯಿ, ತೌಡಿನ ಕೈಲಿಲ್ಲ ಅಂತ ಬಹಳ ತಾಳ್ಮೆಯಿಂದ ಹೇಳಿದರು. ಅಮ್ಮ ತಲೆ ಮೇಲೆ ಸೆರಗು ಹೊದ್ದು, ಕೈ ಮುಗಿದುಕೊಂಡು, ಪ್ರತಿ ಮಾತಿಗೂ ಹೌದು ಬುದ್ಧಿ ಅಂದಳು. ಅವರಿಗೆ ಹಾಲು ಹಣ್ಣು ಕೊಟ್ಟು ಕಳಿಸಿದಳು. ಅವರು ಬೀದಿಯ ತಿರುವು ದಾಟಿದ ಮೇಲೆ, ಪಾಪ, ಅವರಿಗೆ ಮಕ್ಕಳಿಲ್ಲ ಅಂದಳು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ನನ್ನದು ಸಿಟ್ಟು ಬಂದರೆ ಊಟ ಬಿಡುವ ಜಾತಿ ಅಲ್ಲ, ಮಾತು ಬಿಡುವ ಜಾತಿಯೂ ಅಲ್ಲ. ಮುಂದಿನ ಎರಡು ವಾರವೂ ರಜೆ ಹಾಕಿಕೊಂಡು ಹೋಗಿ ಅವಳ ತಲೆ ತಿಂದೆ. ಎರಡನೆಯ ವಾರದ ಕೊನೆಗೆ, ಸೋಮವಾರ ತರೀಕೆರೆಗೆ ಹೋಗುತ್ತಿದ್ದೇನೆ, ಸೂಲಗಿತ್ತಿ ಅವ್ವನೂ ಬರುತ್ತಾಳೆ, ನೀನು ಬಂದರೆ ಬಾ, ಇಲ್ಲದಿದ್ದರೆ ಇವತ್ತಿಗೆ ನಿನ್ನ ಮನೆ ಬಾಗಿಲು ನನಗೆ ಮುಚ್ಚಿತು ಅಂತ ತಿಳಕೋ ಅಂದೆ. ಅಮ್ಮ ಬತ್ತೀನಿ ಅಂದಳು. ಒಪ್ಪಿದಳು ಅಂತ ನಾನು ತಿಳಿದೆ. ಆ ರಾತ್ರಿ ಸುಖವಾಗಿ ನಿದ್ದೆ ಬಂತು.

ಸೋಮವಾರ ಮೂವರೂ ಅಜ್ಜಂಪುರದಲ್ಲಿ ತರೀಕೆರೆ ಬಸ್ಸು ಹತ್ತಿದೆವು. ನನ್ನ ಒಂದು ಕಡೆ ಹೆತ್ತವಳು, ಇನ್ನೊಂದು ಕಡೆ ಕೊಂಡವಳು. ಸೂಲಗಿತ್ತಿ ಅವ್ವನಿಗೆ ಆಗ ಎಪ್ಪತ್ತರ ಹತ್ತಿರ. ಊರಿನ ಅರ್ಧ ಜನರನ್ನು ಮೊದಲು ನೋಡಿದವಳು ಅವಳು, ಆದರೂ ನಮ್ಮ ಮನೆ ಹೊಸ್ತಿಲು ದಾಟುತ್ತಿದ್ದುದು ಹೆರಿಗೆಯ ದಿನ ಮಾತ್ರ. ಉಳಿದ ದಿನ ಜಗಲಿಯ ತುದಿ ಅವಳ ಜಾಗ. ನನಗೆ ಅವ್ವನಾದ ಮೇಲೂ ಅವಳಿಗೆ ಜಗಲಿಯೇ. ಇದನ್ನು ಎತ್ತಿ ನಾನು ಎಷ್ಟೋ ಸಲ ಮನೆಯಲ್ಲಿ ಜಗಳ ಆಡಿದ್ದೆ. ಬಸ್ಸಿನಲ್ಲಿ ಮಾತ್ರ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂತು, ನನ್ನ ತೊಡೆಯ ಮೇಲಿಂದ ಕೈ ಚಾಚಿ ಎಲೆ ಅಡಿಕೆ ಬದಲಾಯಿಸಿಕೊಂಡರು.

ನೋಟರಿ ವಕೀಲರು ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡಿದ್ದರು. ನಿಧಾನಸ್ಥರು. ಹಿಂದಿನ ವಾರವೇ ನಾನು ಎಲ್ಲ ಹೇಳಿ ಹೋಗಿದ್ದರಿಂದ ಪ್ರಮಾಣ ಪತ್ರ ಟೈಪು ಮಾಡಿಸಿ ಇಟ್ಟಿದ್ದರು. ಅದನ್ನು ನಿಧಾನವಾಗಿ ಓದಿ ಹೇಳಿದರು. ಆಮೇಲೆ ಕನ್ನಡಕ ತೆಗೆದು ಅಮ್ಮನ ಕಡೆ ತಿರುಗಿದರು.

"ಏನಮ್ಮಾ, ಈಕೆ ನಿಮ್ಮ ಮಗಳು ಹೌದಾ?"

ಅಮ್ಮ ನನ್ನನ್ನು ನೋಡಿದಳು. ಗೋಡೆಯ ಕ್ಯಾಲೆಂಡರು ನೋಡಿದಳು. ಮೇಜಿನ ಮೇಲಿದ್ದ ಸೀಲು, ಮಸಿಯ ಪ್ಯಾಡು, ಕೆಂಪು ಅರಗಿನ ತುಂಡು, ಒಂದೊಂದನ್ನೂ ನೋಡಿದಳು. ಆ ಕ್ಷಣದಲ್ಲಿ ನನಗೆ ವೀಸಾ ಮರೆತುಹೋಗಿತ್ತು. ಹೌದು ಅನ್ನು, ಒಂದು ಸಲ ಅನ್ನು, ನಾನು ಕೇಳಿಸಿಕೊಳ್ಳುತ್ತೇನೆ ಅಂತ ಉಸಿರು ಹಿಡಿದು ಕೂತಿದ್ದೆ.

"ಅಲ್ಲ ಸ್ವಾಮಿ," ಅಂದಳು. "ನಾನು ಪಕ್ಕದ ಮನೆಯೋಳು. ಹೆತ್ತೋಳು ಇವಳು."

ಸೂಲಗಿತ್ತಿ ಅವ್ವನ ಕಡೆ ಕೈ ತೋರಿಸಿದಳು. ವಕೀಲರು ನನ್ನ ಕಡೆ ನೋಡಿದರು. ಅವರ ಕೈಲಿ ಎರಡು ಕಾಗದ ಇದ್ದವು, ಒಂದರಲ್ಲಿ ನಾನು ಹೇಳಿದ್ದು, ಇನ್ನೊಂದರಲ್ಲಿ ಸರ್ಕಾರ ಹೇಳಿದ್ದು. ಈಗ ಅಮ್ಮನೂ ಸರ್ಕಾರದ ಕಡೆ ಸೇರಿದ್ದಳು. ನೀನೇನಮ್ಮಾ ಹೇಳ್ತೀಯ ಅಂತ ಅವರು ಅವ್ವನನ್ನು ಕೇಳಿದರು. ಅವ್ವ ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣು ಮುಚ್ಚಿ ತೆಗೆದಳು, ಅಷ್ಟೇ. ಹೌದು ಬುದ್ಧಿ, ನನ್ನ ಮಗಳೇ ಅಂದಳು ಅವ್ವ. ಇಪ್ಪತ್ತಾರು ವರ್ಷ ಯಾರ ಬಾಯಲ್ಲಿ ಕೇಳಬೇಕು ಅಂತಿದ್ದೆನೋ ಅವರು ಅನ್ನಲಿಲ್ಲ, ಪಕ್ಕದವಳು ಎಷ್ಟು ಸಲೀಸಾಗಿ ಅಂದುಬಿಟ್ಟಳು.

ವಕೀಲರು ಒಂದು ಸಲ ಕೆಮ್ಮಿದರು. ತಂದೆಯ ಹೆಸರು ಓದಿ ಇನ್ನೊಂದು ಸಲ ಕೆಮ್ಮಿದರು. ರಿಜಿಸ್ಟರಿನಲ್ಲಿ ಇರುವುದೇ ಸರಿ ಅಂತಾದರೆ ಈ ಪ್ರಮಾಣ ಪತ್ರ ಬೇಕಿಲ್ಲ, ಆಕೆಯೇ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬಹುದು, ಪಟ್ಟಿಯಲ್ಲಿ ಕೇಳಿರುವುದೂ ಅದನ್ನೇ ಅಂದರು. ನೀನು ಏನಂತೀಯಮ್ಮಾ ಅಂತ ನನ್ನನ್ನೂ ಕೇಳಿದರು. ಇದು ಸುಳ್ಳು, ಈ ಹೆಂಗಸು ನನ್ನ ಹೆತ್ತವಳು ಅಂತ ನಾನು ಅಲ್ಲೇ ಕೂಗಬಹುದಿತ್ತು. ಜೀವಮಾನದಲ್ಲಿ ಎಲ್ಲೂ ಸುಮ್ಮನಿರದವಳು ಅವತ್ತು ಸುಮ್ಮನಿದ್ದೆ. ನನಗೆ ಆ ಗಾಜಿನ ಪೆಟ್ಟಿಗೆ ಬೇಕಿತ್ತು. ಅವ್ವನ ಹೆಬ್ಬೆರಳಿಗೆ ಮಸಿ ಹಚ್ಚಿದವಳೂ ನಾನೇ, ಒತ್ತಿ ಹಿಡಿದವಳೂ ನಾನೇ.

ಬಸ್ ಸ್ಟ್ಯಾಂಡಿಗೆ ಬರುವವರೆಗೂ ತಡೆದುಕೊಂಡೆ. ಜನನ ಪತ್ರ ಓದಿದ ಅದೇ ಕಲ್ಲುಬೆಂಚಿನ ಹತ್ತಿರ ಬಾಯಿ ಬಿಟ್ಟೆ. ಏನಂದೆ ಅಂತ ಪೂರ್ತಿ ಬರೆಯುವುದಿಲ್ಲ. ಒಂದು ಮಾತು ಆಡಿದ್ದರೆ ನಿನ್ನ ನಾಲಿಗೆ ಸವೆದು ಹೋಗ್ತಿತ್ತಾ, ಹೆತ್ತಿದ್ದು ಯಾಕೆ, ತಿಪ್ಪೆ ಮೇಲೆ ಹಾಗೇ ಬಿಟ್ಟು ಬರಬೇಕಿತ್ತು ಅಂದದ್ದು ನೆನಪಿದೆ. ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. ಸೂಲಗಿತ್ತಿ ಅವ್ವ, ಸುಮ್ಕಿರೇ ಅಂತ ತೋಳು ಹಿಡಿದಳು. ಅಮ್ಮ ಗಲಾಟೆ ಮಾಡಲಿಲ್ಲ, ಅಳಲಿಲ್ಲ. ನಾನು ನಿಲ್ಲಿಸುವವರೆಗೂ ಕಾದಳು.

"ನಾಲ್ಕು ಸಲ ಅಂದು ನೋಡಿದೀನಿ ಕಣೇ," ಅಂದಳು. "ಇನ್ನೊಂದ್ಸಲ ಅನ್ನಾಕೆ ನಂಗೆ ಧೈರ್ಯ ಇಲ್ಲ."

ಆಮೇಲೆ ಸೆರಗಿನ ತುದಿಯಿಂದ ಅವ್ವನ ಹೆಬ್ಬೆರಳಿನ ಮಸಿ ಒರೆಸಲು ನೋಡಿದಳು. ಅದು ಹೋಗಲಿಲ್ಲ. ವಾಪಸ್ಸು ಬರುವಾಗ ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತೆ. ಅವಳ ತಲೆಯ ಹಿಂಭಾಗ ಕಾಣುತ್ತಿತ್ತು, ಅಜ್ಜಂಪುರ ಬರುವವರೆಗೂ ಅದನ್ನೇ ನೋಡುತ್ತಾ ಬಂದೆ. ಸಿಟ್ಟು ಪೂರಾ ಇಳಿದಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಇಟ್ಟುಕೊಳ್ಳಬೇಕು ಅಂತ ಗೊತ್ತಾಗುತ್ತಿರಲಿಲ್ಲ.

ಕಾಗದಗಳು ಯುಗಾದಿಗೆ ಐದು ದಿನ ಮುಂಚೆ ಬೊಂಬಾಯಿ ಸೇರಿದವು. ಎರಡು ತಿಂಗಳಿಗೆ ವೀಸಾ ಬಂತು. ಪಾಸ್‌ಪೋರ್ಟಿನ ಒಂದು ಪುಟದ ತುಂಬ ಹಸಿರು ಮಸಿಯಲ್ಲಿ ಏನೋ ಬರೆದು ಮೊಹರು ಹೊಡೆದಿದ್ದರು, ಒಂದಕ್ಷರವೂ ಅರ್ಥ ಆಗಲಿಲ್ಲ. ಅಮ್ಮ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ, ದೂರದಿಂದಲೇ ಇಣುಕಿ ನೋಡಿ, ನನ್ನ ಹೆಸರು ಎಲ್ಲೂ ಇಲ್ಲ ತಾನೇ ಅಂತ ಕೇಳಿದಳು. ಇಲ್ಲ ಅಂದೆ. ಅವಳ ಮುಖದಲ್ಲಿ ನೆಮ್ಮದಿ ಕಂಡಿತು.

ಹೊರಡುವ ದಿನ ಅಜ್ಜಂಪುರದ ಸ್ಟೇಷನ್ನಿಗೆ ಇಬ್ಬರೂ ಬಂದರು. ಸೂಲಗಿತ್ತಿ ಅವ್ವ ತಾಯಿ ಅಳಬೇಕಾದಷ್ಟು ಅತ್ತಳು. ಅವಳಿಗೆ ನಿಜಕ್ಕೂ ಅಳು ಬಂದಿತ್ತು. ಅಮ್ಮ ನೀರಿನ ನಲ್ಲಿಯ ಹತ್ತಿರ, ಯಾರನ್ನೋ ಬೇರೆಯವರನ್ನು ಕಳಿಸಲು ಬಂದವಳ ಹಾಗೆ ನಿಂತಿದ್ದಳು. ಗಾಡಿ ಅಲುಗಿದಾಗ ಕೈ ಎತ್ತಲಿಲ್ಲ. ಕೈಯಲ್ಲಿ ಚಟ್ನಿಪುಡಿಯ ಡಬ್ಬ ಹಾಗೇ ಉಳಿದುಹೋಗಿತ್ತು, ನನಗೆ ಕೊಡಲು ತಂದದ್ದು, ಕೊಡುವುದು ಮರೆತಿದ್ದಳು. ಅವ್ವ ಓಡಿ ಹೋಗಿ ಇಸಕೊಂಡು ಕಿಟಕಿಯಲ್ಲಿ ತುರುಕಿದಳು.

ಅಲ್ಲಿ ಹೋದ ಮೇಲೆ ಪೆಟ್ಟಿಗೆಗಳನ್ನು ನೋಡಿದೆ. ಸಾಲಾಗಿ ಹನ್ನೆರಡು. ಮೊದಲ ದಿನ ಕಲಿಸಿದ ಮೊದಲ ಕೆಲಸ, ಕೂಸು ಕೈಗೆ ಬಂದ ತಕ್ಷಣ ಅದರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುವುದು. ಅದಕ್ಕಿನ್ನೂ ಹೆಸರಿರುವುದಿಲ್ಲ. ಆದ್ದರಿಂದ ಪಟ್ಟಿಯ ಮೇಲೆ ತಾಯಿಯ ಹೆಸರು. ಇಂಥವಳ ಮಗು, ಅಷ್ಟೇ. ಮೇಲ್ವಿಚಾರಕಿ ಬಹಳ ಕಟ್ಟುನಿಟ್ಟು. ತೂಕ ಆಮೇಲೆ, ಬಟ್ಟೆ ಆಮೇಲೆ, ಮೊದಲು ತಾಯಿಯ ಹೆಸರು ಅನ್ನುತ್ತಿದ್ದಳು. ನಾನು ಕಟ್ಟಿದೆ. ದಿನಕ್ಕೆ ನಾಲ್ಕು, ಐದು. ಕೆಲವು ಬದುಕಿದವು, ಕೆಲವು ಹೋದವು. ಹೋದಾಗ ಆ ಪಟ್ಟಿಯನ್ನು ಕತ್ತರಿಸಿ ಫೈಲಿಗೆ ಅಂಟಿಸುವುದೂ ನನ್ನದೇ ಕೆಲಸವಾಗಿತ್ತು. ಹಾಗೆ ನಾಲ್ಕನೆಯದನ್ನು ಅಂಟಿಸಿದ ದಿನ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ನಾಲ್ಕು ಸಲ ಅಂದರೆ ಎಷ್ಟು ಅಂತ ಅವತ್ತು ತಿಳಿಯಿತು.

ಕಾಗದ ಬರೆಯುತ್ತಿದ್ದೆ. ವಿಳಾಸದಲ್ಲಿ ಹೆಸರು ಸೂಲಗಿತ್ತಿ ಅವ್ವನದು, ಮನೆ ನಮ್ಮದು. ಪೋಸ್ಟಿನವನು ಜಗಲಿಯ ಮೇಲೆ ಕೂತು ಅವ್ವನಿಗೆ ಓದಿ ಹೇಳುತ್ತಿದ್ದನಂತೆ. ಅಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳಂತೆ. ಮುಗಿದ ಮೇಲೆ, ಅಮ್ಮನಿಗೆ ಏನೂ ಕೇಳಿಸಿಯೇ ಇಲ್ಲ ಅನ್ನುವ ಹಾಗೆ, ಅವ್ವ ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕಿತ್ತಂತೆ. ಇದನ್ನೆಲ್ಲ ಆಮೇಲೆ ಕೇಳಿ ತಿಳಿದದ್ದು.

ಎರಡು ವರ್ಷದ ಕರಾರು ಮುಗಿಸಿ ರಜೆಯಲ್ಲಿ ಬಂದೆ. ಎಂಬತ್ತರ ದಶಕದ ಮೊದಮೊದಲು. ಅಜ್ಜಂಪುರದಲ್ಲಿ ಇಳಿದು ಎತ್ತಿನಗಾಡಿಯಲ್ಲಿ ಊರು ಸೇರುವಾಗ ಹನ್ನೊಂದು ಗಂಟೆ ಬಿಸಿಲು. ಜಗಲಿಯ ತುದಿಯಲ್ಲಿ ಸೂಲಗಿತ್ತಿ ಅವ್ವ ತೊಳೆದ ಸೀರೆ ಉಟ್ಟು ಕೂತಿದ್ದಳು. ಹೊಸ್ತಿಲಿನ ಮೇಲೆ ಒಂದು ಮೊರ. ಮೊರದ ತುಂಬ ತೌಡು, ಮೇಲೆ ಎರಡು ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನನ್ನನ್ನು ಬಿಡಿಸಿಕೊಳ್ಳಲು ಅಮ್ಮ ಇಟ್ಟಿದ್ದಳು. ಮದುವೆಗೆ ಕಾದರೆ ಆಗುವುದಿಲ್ಲ ಅಂತ ಅವಳಿಗೂ ಅರ್ಥ ಆಗಿತ್ತು. ಸಮುದ್ರ ದಾಟಿ ಹೋಗಿ ಜೀವಂತ ತಿರುಗಿ ಬಂದವಳನ್ನು ಇನ್ನು ಸಾವು ಮುಟ್ಟುವುದಿಲ್ಲ ಅಂತ ಅವಳಿಗೆ ಅವಳೇ ತೀರ್ಮಾನ ಮಾಡಿಕೊಂಡಿದ್ದಳಂತೆ. ತಿಂಗಳಿಂದ ಕಾಯುತ್ತಿದ್ದಳು, ಮೂರು ಸಲ ತೌಡು ಬದಲಾಯಿಸಿದ್ದಳು ಅಂತ ಅವ್ವ ಕಿವಿಯಲ್ಲಿ ಹೇಳಿದಳು.

ಅಮ್ಮ ಒಳಗಿಂದ ಬಂದಳು. ತೆಳ್ಳಗಾಗಿದ್ದಳು. ನನ್ನ ಕೈ, ಕಾಲು, ಮುಖ ಎಲ್ಲ ಸರಿಯಾಗಿದೆಯಾ ಅಂತ ನೋಡಿದಳು. ಬಗ್ಗಿ ಮೊರ ಎತ್ತಿಕೊಂಡಳು. ಅದನ್ನು ಅವ್ವನ ಮಡಿಲಿಗೆ ಸುರಿದು ಆ ಮಾತು ಅಂದರೆ ಶಾಸ್ತ್ರ ಮುಗಿಯುತ್ತದೆ. ನಾನು ಕಂಬ ಹಿಡಿದುಕೊಂಡೆ. ಅಷ್ಟರಲ್ಲಿ ಅವಳು ಕೇಳಿದಳು.

"ಮತ್ತೆ ಹೋಗೋದೈತಾ?"

ನನ್ನ ಚೀಲದಲ್ಲಿ ಇನ್ನೆರಡು ವರ್ಷದ ಕರಾರಿನ ಕಾಗದ ಇತ್ತು, ನಾನು ಸಹಿ ಹಾಕಿದ್ದು. ತಾಯಿಯ ಒಪ್ಪಿಗೆ ಹೊಸದಾಗಿ ಬೇಕು ಅಂತ ಅದರಲ್ಲೂ ಇತ್ತು. ಇಲ್ಲ ಅಂದಿದ್ದರೆ ಆಗುತ್ತಿತ್ತು. ಒಂದು ಸುಳ್ಳು, ಆ ಮನೆಯಲ್ಲಿ ಹೇಳಿದ ಸುಳ್ಳುಗಳ ಜೊತೆ ಇನ್ನೊಂದು. ಇಲ್ಲ ಅಂದಿದ್ದರೆ ಆ ಮಾತು ಕಿವಿಯಾರೆ ಕೇಳಬಹುದಿತ್ತು. ಆಮೇಲೆ ನಾನು ಹೊರಟು ನಿಂತ ದಿನ ಅವಳಿಗೆ ಏನಾಗುತ್ತಿತ್ತು ಅಂತಲೂ ನನಗೆ ಗೊತ್ತಿತ್ತು.

ಹೂಂ, ಇನ್ನೆರಡು ವರ್ಷ ಅಂದೆ.

ಅಮ್ಮ ಮೊರದ ಮೇಲಿಂದ ಎಲೆ ಅಡಿಕೆಯನ್ನೂ ಅರಿಶಿನದ ಕೊಂಬನ್ನೂ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊಟ್ಟಿಗೆಗೆ ಹೋಗಿ ತೌಡನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು. ಮೊರವನ್ನು ಗೋಡೆಗೆ ತಟ್ಟಿ ಗೂಟಕ್ಕೆ ತಗುಲಿಹಾಕಿ, ಕೈ ತೊಳೆದುಕೊಂಡು ಒಳಗೆ ಹೋದಳು. ತಟ್ಟೆ ಇಡುವ ಸದ್ದು ಕೇಳಿಸಿತು. ಆಮೇಲೆ ಒಳಗಿಂದಲೇ ಸೂಲಗಿತ್ತಿ ಅವ್ವನಿಗೆ ಕೂಗಿ ಹೇಳಿದಳು.

"ನಿನ್ನ ಮಗಳಿಗೆ ಬರಾಕೆ ಹೇಳು, ಮುದ್ದೆ ಆರ್ತೈತೆ."